ನಾಲ್ಕು ವಿಶ್ವವಿದ್ಯಾಲಯಗಳ ಅಂಗಿ, ಒಂದೇ ಅಂಗಳ

ಕೊಪ್ಪಳದ ಕಾಲೇಜು ಮೈದಾನದಲ್ಲಿ 1970ರ ದಶಕದಲ್ಲಿ ಕಬಡ್ಡಿ ಆಡಿ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದ ಹುಡುಗ ತೊಡುತ್ತಿದ್ದದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಅಂಗಿ. ಅದೇ ಮೈದಾನದಲ್ಲಿ 1985ರಲ್ಲಿ ಆಡಿದವನು ತೊಟ್ಟದ್ದು ಗುಲಬರ್ಗಾ ವಿಶ್ವವಿದ್ಯಾಲಯದ್ದು. 2015ರಲ್ಲಿ ಆಡಿದವನಿಗೆ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ಅಂಗಿ ಬಂತು. ಈಗ ಆಡುತ್ತಿರುವ ಹುಡುಗ ಹುಡುಗಿಯರ ಎದೆಯ ಮೇಲೆ ಮೊದಲ ಸಲ ನಮ್ಮೂರಿನ ಹೆಸರೇ ಬಂದಿದೆ. ಅಂಗಳ ಒಂದಿಷ್ಟೂ ಅತ್ತಿತ್ತ ಸರಿದಿಲ್ಲ. ಅರವತ್ತು ವರ್ಷದೊಳಗೆ ಅದರ ಮೇಲಿನ ಹೆಸರು ಮಾತ್ರ ಮೂರು ಸಲ ಬದಲಾಗಿದೆ.

ಸ್ಮರಣ ಸಂಚಿಕೆಗಳಲ್ಲಿ ಕಟ್ಟಡಗಳ ಇತಿಹಾಸ ಬರುತ್ತದೆ, ದಾನಿಗಳ ಹೆಸರು ಬರುತ್ತದೆ, ರ್‍ಯಾಂಕ್ ಪಡೆದವರ ಪಟ್ಟಿ ಬರುತ್ತದೆ. ಕ್ರೀಡೆಗೆ ಸಿಗುವುದು ಕೊನೆಯ ಎರಡು ಪುಟ, ಅದರಲ್ಲೂ ಅರ್ಧ ಪುಟ ಗುಂಪು ಚಿತ್ರ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಕಾಲೇಜುಗಳ ಮಟ್ಟಿಗೆ ಇದು ಅನ್ಯಾಯ ಎಂದೇ ನಾನು ಭಾವಿಸುತ್ತೇನೆ. ಈ ನಾಲ್ಕು ಊರುಗಳ ಉನ್ನತ ಶಿಕ್ಷಣದ ಚರಿತ್ರೆಯನ್ನು ಅದರ ಆಟಗಾರರ ಅಂಗಿಯ ಮೇಲೆಯೇ ಓದಬಹುದು. ಯಾವ ವಿಶ್ವವಿದ್ಯಾಲಯ ನಮ್ಮನ್ನು ತನ್ನವರೆಂದಿತು, ಯಾವಾಗ ಬಿಟ್ಟುಕೊಟ್ಟಿತು, ನಿನ್ನೆ ಒಂದೇ ಬಸ್ಸಿನಲ್ಲಿ ಹೋದವರು ಇಂದು ಹೇಗೆ ಎದುರಾಳಿಗಳಾದರು ಎಂಬುದೆಲ್ಲ ಅಲ್ಲಿದೆ.

ನೆರೆಹೊರೆಯ ಎರಡು ವಿಶ್ವವಿದ್ಯಾಲಯಗಳ ನಡುವಿನ ಪೈಪೋಟಿ ಜಗತ್ತಿನ ಹಲವು ಕಡೆ ಒಂದು ಸಂಸ್ಥೆಯಾಗಿಯೇ ಬೆಳೆದಿದೆ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್ 1827ರಲ್ಲಿ ಕ್ರಿಕೆಟ್‌ನಲ್ಲಿ, 1829ರಲ್ಲಿ ದೋಣಿ ಸ್ಪರ್ಧೆಯಲ್ಲಿ ಮೊದಲ ಬಾರಿ ಎದುರಾದವು. 1836ರ ಸ್ಪರ್ಧೆಗೆ ಕೇಂಬ್ರಿಡ್ಜ್‌ನವರು ತಮ್ಮ ದೋಣಿಯ ಮೂತಿಗೆ ತಿಳಿನೀಲಿ ಪಟ್ಟಿ ಕಟ್ಟಿದರು. ಇಂದು ನಮ್ಮ ಕಾಲೇಜುಗಳಲ್ಲಿ ಹುಡುಗರು ವಿಶ್ವವಿದ್ಯಾಲಯದ ತಂಡಕ್ಕೆ ಆಡಿ 'ಯೂನಿವರ್ಸಿಟಿ ಬ್ಲೂ' ಆಗಬೇಕೆಂದು ಹಂಬಲಿಸುವುದರ ಬೇರು ಅಲ್ಲಿದೆ. ಜಪಾನಿನ ವಾಸೆದಾ ಮತ್ತು ಕೇಯೋ ವಿಶ್ವವಿದ್ಯಾಲಯಗಳ ಬೇಸ್‌ಬಾಲ್ ಪಂದ್ಯ 1903ರಲ್ಲಿ ಶುರುವಾಯಿತು. ಮೂರೇ ವರ್ಷದಲ್ಲಿ ಬೆಂಬಲಿಗರ ಆವೇಶ ಎಷ್ಟು ಏರಿತೆಂದರೆ 1906ರಲ್ಲಿ ಪಂದ್ಯವನ್ನೇ ನಿಲ್ಲಿಸಬೇಕಾಯಿತು. ಮತ್ತೆ ಆಡಿದ್ದು 1925ರಲ್ಲಿ. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಸೌತಾಂಪ್ಟನ್ ಮತ್ತು ಪೋರ್ಟ್ಸ್‌ಮತ್ ಅಕ್ಕಪಕ್ಕದ ಬಂದರು ನಗರಗಳು. ಸೌತಾಂಪ್ಟನ್ ವಿಶ್ವವಿದ್ಯಾಲಯವಾದದ್ದು 1952ರಲ್ಲಿ, ಪೋರ್ಟ್ಸ್‌ಮತ್‌ಗೆ ಆ ಸ್ಥಾನ ಸಿಕ್ಕಿದ್ದು ನಲವತ್ತು ವರ್ಷ ತಡವಾಗಿ, 1992ರಲ್ಲಿ. ಆದರೂ ಎರಡೂ ಕಡೆಯ ವಿದ್ಯಾರ್ಥಿಗಳು ಸರಿಸಮಾನರಾಗಿ ಎದುರು ಬದುರು ನಿಂತು ಆಡುತ್ತಾರೆ, ಹಡಗುಕಟ್ಟೆಯ ಊರುಗಳ ಹಳೆಯ ಹಟವನ್ನೆಲ್ಲ ಮೈದಾನಕ್ಕೆ ತರುತ್ತಾರೆ.

ನಮ್ಮದು ಕಡಲಿಲ್ಲದ ಸೀಮೆ. ನಮಗಿರುವುದು ತುಂಗಭದ್ರೆ. ಆನೆಗೊಂದಿಯ ಕಡೆಯಿಂದ ಹಂಪಿಯ ಕಡೆಗೆ ಹರಿಗೋಲು ಹಾಕುವ ಕಡವುಗಳೇ ನಮ್ಮ ಬಂದರು. ಹೊಳೆಯ ಈ ದಂಡೆಯಲ್ಲಿ ಒಂದು ವಿಶ್ವವಿದ್ಯಾಲಯ, ಆ ದಂಡೆಯ ಸೀಮೆಗೆ ಇನ್ನೊಂದು. ಈ ಇಬ್ಬರ ಪೈಪೋಟಿ ಇನ್ನೂ ಎಳೆಯದು. ಆದರೆ ಅದಕ್ಕೆ ನೆಲ ಹದವಾದದ್ದು ಬಹಳ ಹಿಂದೆ.

ಹೊಳೆಯ ಎಡದಂಡೆ 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಹೈದರಾಬಾದಿಗೆ ಸೇರಿತ್ತು. ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರು. ಬಲದಂಡೆಯ ಬಳ್ಳಾರಿ, ಹೊಸಪೇಟೆ ಮದ್ರಾಸ್ ಪ್ರಾಂತ್ಯ. 1945ರ ಫೆಬ್ರುವರಿಯಲ್ಲಿ ತುಂಗಭದ್ರಾ ಅಣೆಕಟ್ಟೆಗೆ ಅಡಿಗಲ್ಲು ಹಾಕಿದಾಗ ಕೂಡ ಎರಡು ದಂಡೆಯಲ್ಲಿ ಎರಡು ಸರ್ಕಾರದವರು ಬೇರೆ ಬೇರೆಯಾಗಿ ನಿಂತರು. ಒಂದು ಕಡೆ ನಿಜಾಮರ ಮಗ ಬೇರಾರಿನ ರಾಜಕುಮಾರ, ಇನ್ನೊಂದು ಕಡೆ ಮದ್ರಾಸಿನ ಗವರ್ನರ್. ಓದಿನ ದಾರಿಯೂ ಹಾಗೆಯೇ ಕವಲೊಡೆದಿತ್ತು. ಆ ದಂಡೆಯವರಿಗೆ ಇಂಗ್ಲಿಷ್ ಮಾಧ್ಯಮದ ಮದ್ರಾಸ್ ವಿಶ್ವವಿದ್ಯಾಲಯ, ಈ ದಂಡೆಯವರಿಗೆ 1918ರಲ್ಲಿ ಶುರುವಾದ ಉರ್ದು ಮಾಧ್ಯಮದ ಉಸ್ಮಾನಿಯಾ. ಕನ್ನಡ ಮನೆಮಾತಿನ ಹಳ್ಳಿಯ ಹುಡುಗ ಉರ್ದು ಕಲಿತು, ಹೈದರಾಬಾದಿಗೆ ಹೋಗಿ ಕಾಲೇಜು ಸೇರಿ, ಅಲ್ಲಿ ಆಟದ ಮೈದಾನ ತಲುಪುವುದು ಎಷ್ಟು ಮಂದಿಗೆ ಸಾಧ್ಯವಿತ್ತು? ಆ ಕಾಲದ ನಮ್ಮ ಆಟವೆಲ್ಲ ಊರ ಗರಡಿಯಲ್ಲಿ, ಜಾತ್ರೆಯ ಕುಸ್ತಿ ಕಣದಲ್ಲಿ, ಕಲ್ಲು ಗುಂಡು ಎತ್ತುವ ಪಂದ್ಯದಲ್ಲಿ ನಡೆಯಿತು. ಅದಕ್ಕೆ ಪ್ರಮಾಣಪತ್ರ ಇರಲಿಲ್ಲ, ದಾಖಲೆಯೂ ಇಲ್ಲ.

1956ರ ನವೆಂಬರ್ 1ರಂದು ರಾಜ್ಯ ಒಂದಾದ ಮೇಲೆ ನಮ್ಮ ಓದಿನ ದಿಕ್ಕು ಪೂರ್ವದಿಂದ ಪಶ್ಚಿಮಕ್ಕೆ ತಿರುಗಿತು. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಹುಟ್ಟಿ, ಮುಂಬಯಿಯಿಂದ 1950ರಲ್ಲಿ ಧಾರವಾಡಕ್ಕೆ ಬಂದು ನೆಲೆ ನಿಂತಿತ್ತು. ರಾಯಚೂರು ಜಿಲ್ಲೆಯ ಭಾಗವಾಗಿದ್ದ ನಮ್ಮ ತಾಲ್ಲೂಕುಗಳು ಅದರ ವ್ಯಾಪ್ತಿಗೆ ಬಂದವು. 1960ರ ದಶಕದಲ್ಲಿ ಗವಿಮಠದ ಶ್ರೀ ಗವಿಸಿದ್ಧೇಶ್ವರ ವಿದ್ಯಾವರ್ಧಕ ಟ್ರಸ್ಟಿನ ಕಲಾ, ವಿಜ್ಞಾನ ಮತ್ತು ವಾಣಿಜ್ಯ ಕಾಲೇಜು ಕೊಪ್ಪಳದಲ್ಲಿ ಆರಂಭವಾದಾಗ ಅದರ ಆಟಗಾರರ ಮೊದಲ ದೊಡ್ಡ ಪಟ್ಟಣ ಧಾರವಾಡವೇ ಆಯಿತು. ಹುಬ್ಬಳ್ಳಿ–ಗುಂತಕಲ್ ರೈಲು ಮಾರ್ಗ ಕೊಪ್ಪಳದ ಮೂಲಕವೇ ಹಾದುಹೋಗುತ್ತದೆ. ಬೆಳಿಗ್ಗೆ ಹತ್ತಿದರೆ ಮಧ್ಯಾಹ್ನದ ಪಂದ್ಯಕ್ಕೆ ಹಾಜರಾಗಬಹುದಿತ್ತು. ಅಲ್ಲಿ ಬೆಳಗಾವಿ, ಕಾರವಾರ, ವಿಜಾಪುರ, ಗದಗದ ಹುಡುಗರು ಸಿಗುತ್ತಿದ್ದರು. ಅವರ ಹಿಂದೆ 1917ರಲ್ಲಿ ಶುರುವಾದ ಕರ್ನಾಟಕ ಕಾಲೇಜಿನಂಥ ಹಳೆಯ ಸಂಸ್ಥೆಗಳ ಮೈದಾನ, ತರಬೇತಿ, ಬೂಟು, ಬ್ಲೇಜರ್ ಎಲ್ಲ ಇತ್ತು. ನಮ್ಮವರ ಹಿಂದೆ ಎರೆ ಹೊಲದಲ್ಲಿ ಗಟ್ಟಿಯಾದ ಕಾಲುಗಳಿದ್ದವು. ಕ್ರಿಕೆಟ್, ಹಾಕಿಯಂಥ ಸಲಕರಣೆಯ ಆಟಗಳಲ್ಲಿ ಹಿಂದುಳಿದ ನಮ್ಮ ಕಾಲೇಜುಗಳು ಬರಿಗಾಲಿನ ಆಟಗಳನ್ನು ಅಪ್ಪಿಕೊಂಡದ್ದು ಹೀಗೆ. ಕಬಡ್ಡಿಗೆ ಸುಣ್ಣದ ಗೆರೆ ಸಾಕು, ಖೊಕ್ಕೊಗೆ ಎರಡು ಕಂಬ ನೆಟ್ಟರೆ ಆಯಿತು.

ಧಾರವಾಡದ ಈ ಒಡನಾಟ 1980ರಲ್ಲಿ ಮುಗಿಯಿತು. ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಕಲಬುರಗಿಯಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ತಲೆಯೆತ್ತಿತು. ಬೀದರ್, ಗುಲಬರ್ಗಾ, ರಾಯಚೂರು, ಬಳ್ಳಾರಿ ಅದರ ಪಾಲಿಗೆ ಬಂದವು. ಹಿಂದುಳಿದ ಸೀಮೆಗೆ ತನ್ನದೇ ವಿಶ್ವವಿದ್ಯಾಲಯ ಬೇಕಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೊಪ್ಪಳದ ಮಟ್ಟಿಗೆ ಪಕ್ಕದ ಗದಗ ಧಾರವಾಡದಲ್ಲೇ ಉಳಿಯಿತು, ನಾವು ಕಲಬುರಗಿಗೆ ಹೋದೆವು. ಎರಡು ಊರಿನ ನಡುವೆ ರೈಲಿನಲ್ಲಿ ಒಂದು ಗಂಟೆಯ ದಾರಿ. ತಲೆಮಾರುಗಳಿಂದ ಮದುವೆ, ಸಂತೆ, ಜಾತ್ರೆ, ಆಸ್ಪತ್ರೆಗೆ ಹೋಗಿಬರುವ ನೆಂಟಸ್ತಿಕೆ. ಅಂಥ ಗದಗದ ಕಾಲೇಜುಗಳ ಜೊತೆ ನಮ್ಮ ಕಾಲೇಜುಗಳು ಅಂತರ ಕಾಲೇಜು ಪಂದ್ಯ ಆಡುವುದು ಒಮ್ಮೆಗೇ ನಿಂತಿತು. ಇನ್ನು ಎದುರಾಗಬೇಕಿದ್ದರೆ ಅದು ವಿಶ್ವವಿದ್ಯಾಲಯಗಳ ನಡುವಿನ ಪಂದ್ಯದಲ್ಲಿ, ಇಬ್ಬರೂ ಆಯ್ಕೆಯಾಗಿದ್ದರೆ, ಡ್ರಾದಲ್ಲಿ ಮುಖಾಮುಖಿ ಬಿದ್ದರೆ ಮಾತ್ರ. 1997ರಲ್ಲಿ ಕೊಪ್ಪಳವೂ ಗದಗವೂ ಜಿಲ್ಲೆಗಳಾದವು. ಒಂದೇ ವರ್ಷ ಹುಟ್ಟಿದ ಈ ಎರಡು ಜಿಲ್ಲೆಗಳು ಕಾಲೇಜು ಕ್ರೀಡೆಯ ಲೆಕ್ಕದಲ್ಲಿ ಮಾತ್ರ ಬೇರೆ ಬೇರೆ ಮನೆಯವರಾಗಿಯೇ ಉಳಿದವು.

ಕಲಬುರಗಿಯ ದಾರಿಯ ಬಗ್ಗೆ ಆ ಕಾಲದ ದೈಹಿಕ ಶಿಕ್ಷಣ ನಿರ್ದೇಶಕರನ್ನು ಕೇಳಬೇಕು. ಧಾರವಾಡಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ದೂರ. ರೈಲಿನಲ್ಲಿ ಹೋಗಬೇಕಾದರೆ ಗುಂತಕಲ್‌ಗೆ ಇಳಿದು, ಅಲ್ಲಿ ಮುಂಬಯಿ ಕಡೆಯ ಗಾಡಿ ಹಿಡಿದು, ರಾಯಚೂರು, ವಾಡಿ ದಾಟಿ ಸುತ್ತಬೇಕು. ಬಸ್ಸಿನಲ್ಲಾದರೆ ಕುಷ್ಟಗಿ, ಲಿಂಗಸುಗೂರು, ಶಹಾಪುರದ ಮೇಲೆ ಇಡೀ ದಿನ. ಹನ್ನೆರಡು ಹುಡುಗರ ತಂಡ, ಟಿ.ಎ., ಡಿ.ಎ. ಎಂದು ಕಾಲೇಜು ಕೊಡುವ ಪುಡಿಗಾಸು, ಗಂಟಿನಲ್ಲಿ ರೊಟ್ಟಿ ಶೇಂಗಾ ಹಿಂಡಿ. ರಾತ್ರಿ ಇಳಿದು ಬೆಳಿಗ್ಗೆ ಏಳಕ್ಕೆ ಅಂಕಣದಲ್ಲಿ ನಿಲ್ಲಬೇಕು. ಸೋತರೆ ಅದೇ ದಿನ ತಿರುಗಿ ಬಸ್ಸು. ಗೆದ್ದವರ ಪಟ್ಟಿಯಲ್ಲಿ ಕಲಬುರಗಿ, ಬೀದರಿನ ಹೆಸರುಗಳು ಹೆಚ್ಚು ಕಂಡರೆ ಅದರ ಕಾರಣದಲ್ಲಿ ಈ ದೂರಕ್ಕೂ ಒಂದು ಪಾಲಿದೆ. ಆಟಗಾರನ ಶಕ್ತಿಯನ್ನು ಅಳೆಯುವ ಮೊದಲು ಅವನು ಎಷ್ಟು ತಾಸು ನಿಂತು ಬಂದಿದ್ದಾನೆ ಎಂದು ಯಾರೂ ಬರೆದಿಡುವುದಿಲ್ಲ.

ವಿಶ್ವವಿದ್ಯಾಲಯಗಳು ಬದಲಾಗುತ್ತಿರುವಾಗ ಬದಲಾಗದೆ ಉಳಿದದ್ದು ಈ ನಾಲ್ಕು ಊರುಗಳ ತಮ್ಮತಮ್ಮೊಳಗಿನ ಜಿದ್ದು. ನನ್ನ ಲೆಕ್ಕದಲ್ಲಿ ನಮ್ಮ ಕಾಲೇಜು ಕ್ರೀಡೆಯ ನಿಜವಾದ ಬೆನ್ನೆಲುಬು ಅದೇ. ಇದನ್ನು ಅರ್ಥ ಮಾಡಿಕೊಳ್ಳಲು ನೀರನ್ನು ನೋಡಬೇಕು. 1953ರಲ್ಲಿ ಅಣೆಕಟ್ಟೆ ಮುಗಿದು ಎಡದಂಡೆ ಕಾಲುವೆ ಹರಿದ ಮೇಲೆ ಗಂಗಾವತಿ ಸೀಮೆ ಬತ್ತದ ಕಣಜವಾಯಿತು. ಅಕ್ಕಿ ಗಿರಣಿಗಳು ಎದ್ದವು, ಆಂಧ್ರದ ಕಡೆಯಿಂದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡರು, ದುಡ್ಡು ಓಡಾಡಿತು. ಗಂಗಾವತಿಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಇಂದಿಗೂ ಕೊಲ್ಲಿ ನಾಗೇಶ್ವರರಾವ್ ಗಂಗಯ್ಯ ಅವರ ಸ್ಮರಣೆಯ ಹೆಸರು ಹೊತ್ತಿದೆ. ಕುಷ್ಟಗಿ, ಯಲಬುರ್ಗಾಕ್ಕೆ ಆ ಕಾಲುವೆ ಬರಲಿಲ್ಲ. ಅಲ್ಲಿ ಮಳೆ ನಂಬಿದ ಜೋಳ, ಸಜ್ಜೆ, ಕಡಲೆ. ಮಳೆ ಕೈಕೊಟ್ಟ ವರ್ಷ ಮನೆ ಮಂದಿಯೆಲ್ಲ ಗುಳೆ. ಕೊಪ್ಪಳ ಎರಡರ ನಡುವಿನ ಊರು: ಒಂದು ಕಡೆ ಮುನಿರಾಬಾದಿನ ನೀರು, ಇನ್ನೊಂದು ಕಡೆ ಕುಕನೂರು ದಾರಿಯ ಒಣ ಹೊಲ.

ಈ ವ್ಯತ್ಯಾಸ ಅಂಕಣದಲ್ಲಿ ಕಾಣುತ್ತದೆ. ಗಂಗಾವತಿಯ ತಂಡಗಳಿಗೆ ಪಟ್ಟಣದ ಕ್ಲಬ್ಬುಗಳ ಬೆಂಬಲ, ವ್ಯಾಪಾರಸ್ಥರು ಕೊಡಿಸುವ ಅಂಗಿ, ರಾತ್ರಿ ದೀಪದ ಬೆಳಕಿನ ಟೂರ್ನಮೆಂಟುಗಳ ಅನುಭವ. ಅವರ ಆಟದಲ್ಲಿ ವೇಗ, ಚಮಕು, ಬೋನಸ್ ಗೆರೆಯ ಮೇಲೆ ಕಾಲಿಟ್ಟು ಬರುವ ಧೈರ್ಯ. ಕುಷ್ಟಗಿ, ಯಲಬುರ್ಗಾ ಕಡೆಯ ಹುಡುಗರದು ಹಿಡಿತದ ಆಟ. ಮೂಲೆಯಲ್ಲಿ ನಿಂತು ಕಾದು, ದಾಳಿಗಾರನ ಹರಡಿಗೆ ಕೈ ಹಾಕಿದರೆ ಬಿಡುವುದಿಲ್ಲ. ಕಬಡ್ಡಿಯ ದಾಳಿಗೆ ಮೂವತ್ತು ಸೆಕೆಂಡು, ಪುರುಷರಿಗೆ ಇಪ್ಪತ್ತು ನಿಮಿಷದ ಎರಡು ಅವಧಿ. ಮೊದಲ ಅವಧಿಯಲ್ಲಿ ವೇಗದವರು ಮುಂದಿರುತ್ತಾರೆ, ಎರಡನೆಯದರ ಕೊನೆಗೆ ದಮ್ಮಿನವರು ಹತ್ತಿರ ಬರುತ್ತಾರೆ. ಕೊಪ್ಪಳದ ಜನ ಇಂಥ ಪಂದ್ಯವನ್ನು ಅಂಕಣದ ಸುತ್ತ ಒತ್ತಿ ನಿಂತು ನೋಡುತ್ತಾರೆ. ಹಗ್ಗ ಕಟ್ಟಿದರೂ ಅದು ಒಳಗೆ ಬಂದಿರುತ್ತದೆ, 'ಹಿಡೀಲೇ, ಬಿಡಬ್ಯಾಡ' ಎಂಬ ಕೂಗಿಗೆ ತೀರ್ಪುಗಾರರ ಸೀಟಿ ಕೇಳುವುದಿಲ್ಲ. ಇದು ಜಗಳ ಅಲ್ಲ. ಪಂದ್ಯ ಮುಗಿದ ಮೇಲೆ ಗೆದ್ದವರು ಸೋತವರಿಗೆ ಮಂಡಕ್ಕಿ ಮಿರ್ಚಿ ಕೊಡಿಸುವುದು ಈ ಸೀಮೆಯ ನಡಾವಳಿ.

ಈ ಜಿದ್ದನ್ನು ಕಾಪಾಡಿದವರು ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು. ಹುಡುಗರ ಬಾಯಲ್ಲಿ ಇವರು ಪಿ.ಡಿ. ಸರ್. ವಿಶ್ವವಿದ್ಯಾಲಯದ ಸುತ್ತೋಲೆ ಬರುವ ಮೊದಲೇ ಮೈದಾನದ ಮುಳ್ಳು ತೆಗೆಸುವವರು, ಅರ್ಹತಾ ಅರ್ಜಿಗೆ ಹತ್ತನೇ ತರಗತಿಯ ಅಂಕಪಟ್ಟಿ ಹುಡುಕಿಸುವವರು, ಸುಗ್ಗಿಯ ಕಾಲದಲ್ಲಿ ಮಗನನ್ನು ಆಟಕ್ಕೆ ಬಿಡಲೊಲ್ಲದ ತಂದೆಯ ಹತ್ತಿರ ಹೋಗಿ 'ನಾಕು ದಿನ ಬಿಡ್ರಿ ಯಜಮಾನ್ರೆ, ಮುಂದ ಅವಂಗ ನೌಕರಿಗೆ ಉಪಯೋಗ ಆಗ್ತದ' ಎಂದು ಒಪ್ಪಿಸುವವರು. ಆ ಮಾತು ಸುಳ್ಳಲ್ಲ. ಪೊಲೀಸ್, ಸೇನೆ, ರೈಲ್ವೆ, ದೈಹಿಕ ಶಿಕ್ಷಕರ ಹುದ್ದೆಗಳಿಗೆ ಹೋದ ನಮ್ಮ ಕಡೆಯ ಎಷ್ಟೋ ಮಂದಿಯ ಕೈಯಲ್ಲಿ ಅಂತರ ವಿಶ್ವವಿದ್ಯಾಲಯ ಪಂದ್ಯದ ಪ್ರಮಾಣಪತ್ರವಿತ್ತು. ಬರದ ತಾಲ್ಲೂಕಿನಲ್ಲಿ ಕ್ರೀಡೆಯನ್ನು ಹವ್ಯಾಸ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಹುಡುಗಿಯರ ಕಥೆಯಲ್ಲಿ ಇನ್ನೊಂದು ತಿರುವಿದೆ. 2003ರಲ್ಲಿ ವಿಜಾಪುರದಲ್ಲಿ ರಾಜ್ಯ ಮಹಿಳಾ ವಿಶ್ವವಿದ್ಯಾಲಯ ಶುರುವಾದ ಮೇಲೆ ಉತ್ತರ ಕರ್ನಾಟಕದ ಮಹಿಳಾ ಕಾಲೇಜುಗಳು ಅದಕ್ಕೆ ಸೇರಿದವು. ಅದು ಈಗ ಅಕ್ಕಮಹಾದೇವಿಯ ಹೆಸರಿನಲ್ಲಿದೆ. ಹಾಗಾಗಿ ಒಂದೇ ಊರಿನಲ್ಲಿ, ಒಂದೇ ಓಣಿಯಲ್ಲಿ ಬೆಳೆದ ಇಬ್ಬರು ಗೆಳತಿಯರಲ್ಲಿ ಮಹಿಳಾ ಕಾಲೇಜು ಸೇರಿದವಳಿಗೆ ವಿಜಾಪುರದ ಅಂಗಿ, ಸಹಶಿಕ್ಷಣದ ಕಾಲೇಜು ಸೇರಿದವಳಿಗೆ ಬೇರೆ ಅಂಗಿ. ಹೈಸ್ಕೂಲಿನಲ್ಲಿ ಒಬ್ಬಳಿಂದ ಖೊ ಪಡೆದು ಓಡಿದವಳು ಕಾಲೇಜಿನಲ್ಲಿ ಅವಳನ್ನೇ ಅಟ್ಟಿಸಿಕೊಂಡು ಹೋಗಬೇಕು. ಇದರಿಂದ ಒಳ್ಳೆಯದೂ ಆಗಿದೆ. ಎರಡು ವಿಶ್ವವಿದ್ಯಾಲಯದ ತಂಡ ಎಂದರೆ ಅವಕಾಶವೂ ಎರಡು ಪಟ್ಟು. ಖೊಕ್ಕೊದಲ್ಲಿ ಹಳ್ಳಿಯ ಹುಡುಗಿ ಎಲ್ಲಿಯವರೆಗೆ ಹೋಗಬಲ್ಲಳು ಎಂಬುದಕ್ಕೆ ಮೈಸೂರು ಸೀಮೆಯ ಕುರುಬೂರಿನ ಬಿ. ಚೈತ್ರಾ ಕಣ್ಣೆದುರಿಗೆ ಇದ್ದಾರೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೊಕ್ಕೊ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ಅವರಿದ್ದರು. ಟಿ. ನರಸೀಪುರ ತಾಲ್ಲೂಕಿನ ಮಣ್ಣಿನ ಅಂಗಳದಿಂದ ಅಲ್ಲಿಗೆ ಹೋಗಲು ಸಾಧ್ಯವಾದರೆ ಯಲಬುರ್ಗಾದ ಅಂಗಳದಿಂದಲೂ ಸಾಧ್ಯ.

2010ರಲ್ಲಿ ಬಳ್ಳಾರಿಯಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಸ್ಥಾಪನೆಯಾಗಿ ಬಳ್ಳಾರಿ ಮತ್ತು ಕೊಪ್ಪಳ ಜಿಲ್ಲೆಗಳು ಅದರ ವ್ಯಾಪ್ತಿಗೆ ಬಂದದ್ದು ಈ ಕಥೆಯ ಸಂತೋಷದ ಅಧ್ಯಾಯ. ನಿಜಾಮ ಸೀಮೆ, ಮದ್ರಾಸ್ ಸೀಮೆ ಎಂದು ಬೇರೆಯಾಗಿದ್ದ ಎರಡು ದಂಡೆಗಳಿಗೆ ಆಗ ತಮ್ಮದೇ ಒಂದು ವಿಶ್ವವಿದ್ಯಾಲಯ. ಕಲಬುರಗಿಯ ಇಡೀ ದಿನದ ಬಸ್ಸಿನ ಬದಲು ಎರಡು ಎರಡೂವರೆ ತಾಸಿನ ದಾರಿ. ಹೆಸರೂ ಎಂಥದು! ಕೃಷ್ಣದೇವರಾಯನನ್ನು ನಾವು ಕವಿ ಎಂದು, ಯುದ್ಧ ಗೆದ್ದವನೆಂದು ನೆನೆಯುತ್ತೇವೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕಂಡದ್ದು ಕಸರತ್ತಿನ ರಾಯನನ್ನು. ಬೆಳಕು ಹರಿಯುವ ಮುನ್ನ ಎದ್ದು ಎಳ್ಳೆಣ್ಣೆ ಕುಡಿಯುತ್ತಿದ್ದ, ಅದೇ ಎಣ್ಣೆಯನ್ನು ಮೈಗೆಲ್ಲ ಸವರಿಕೊಳ್ಳುತ್ತಿದ್ದ, ಭಾರ ಎತ್ತಿ, ಕತ್ತಿ ತಿರುಗಿಸಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಬಿಡದೆ, ಆಮೇಲೆ ತನ್ನ ಜಟ್ಟಿಯೊಬ್ಬನ ಜೊತೆ ಕುಸ್ತಿ ಹಿಡಿದು, ಅದು ಮುಗಿದ ಮೇಲೆ ಕುದುರೆ ಹತ್ತಿ ಬಯಲು ಸುತ್ತುತ್ತಿದ್ದ ಎಂದು ಬರೆದಿದ್ದಾನೆ. ಮಹಾನವಮಿ ದಿಬ್ಬದ ಕಲ್ಲುಗಳ ಮೇಲೆ ಕುಸ್ತಿ ಹಿಡಿದ ಜಟ್ಟಿಗಳನ್ನು ಇಂದಿಗೂ ನೋಡಬಹುದು. ಇಂಥ ರಾಯನ ಹೆಸರಿನ ಅಂಗಿ ತೊಟ್ಟು ಹೊಳೆಯ ಎರಡು ದಂಡೆಯ ಹುಡುಗರು ಒಟ್ಟಿಗೆ ಆಡಿದ ಆ ಹದಿಮೂರು ವರ್ಷಗಳ ಸೌಭಾಗ್ಯವನ್ನು ಸಣ್ಣದೆಂದು ತಿಳಿಯಬಾರದು. ಗಂಗಾವತಿಯ ದಾಳಿಗಾರ, ಸಿರುಗುಪ್ಪದ ಹಿಡಿತಗಾರ, ಹೊಸಪೇಟೆಯ ನಾಯಕ ಎಂದು ಒಂದೇ ತಂಡದಲ್ಲಿ ನಿಲ್ಲುವ ಕಾಲ ಅದು. 2018ರ ಆಗಸ್ಟ್‌ನಲ್ಲಿ ತೋರಣಗಲ್ಲಿನ ಹತ್ತಿರದ ವಿಜಯನಗರದಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಬಾಗಿಲು ತೆರೆಯಿತು, ನೀರಜ್ ಚೋಪ್ರಾರಂಥವರು ಅಲ್ಲಿ ತರಬೇತಿ ಪಡೆದರು. ಒಲಿಂಪಿಕ್ ಮಟ್ಟದ ಸೌಕರ್ಯ ನಮ್ಮ ನೆರೆಗೇ ಬಂದಿತ್ತು.

2023ರಲ್ಲಿ ಮತ್ತೆ ಬೇರೆಯಾದೆವು. ರಾಜ್ಯ ಸರ್ಕಾರ ಒಂದೇ ಬಾರಿಗೆ ಏಳು ಹೊಸ ವಿಶ್ವವಿದ್ಯಾಲಯಗಳನ್ನು ತೆರೆಯಿತು. ಅದರಲ್ಲಿ ಕೊಪ್ಪಳವೂ ಒಂದು. ಕುಕನೂರು ತಾಲ್ಲೂಕಿನ ತಳಕಲ್‌ನಲ್ಲಿ ಅದರ ನೆಲೆ, ಮೊದಲ ಕುಲಪತಿ ಪ್ರೊ. ಬಿ.ಕೆ. ರವಿ. ಹಳೆಯ ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿಗೆ ವಿಶ್ವವಿದ್ಯಾಲಯ ಬರುತ್ತದೆಂದು ಗುಳೆ ಹೋಗುತ್ತಿದ್ದ ಕಾಲದಲ್ಲಿ ಯಾರಾದರೂ ಹೇಳಿದ್ದರೆ ನಂಬುವವರಿರಲಿಲ್ಲ. ವ್ಯಾಪ್ತಿ ಒಂದೇ ಜಿಲ್ಲೆ. ಹಾಗಾಗಿ ಇವತ್ತಿನ ವಿಶ್ವವಿದ್ಯಾಲಯ ತಂಡ ಎಂದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಮತ್ತು ಹೊಸ ತಾಲ್ಲೂಕುಗಳಾದ ಕುಕನೂರು, ಕನಕಗಿರಿ, ಕಾರಟಗಿಯವರೇ. ಹಿಂದೆ ಐದು ಜಿಲ್ಲೆಗಳ ನಡುವೆ ಒಬ್ಬಿಬ್ಬರಿಗೆ ಸಿಗುತ್ತಿದ್ದ ಜಾಗ ಈಗ ಪೂರ್ತಿ ನಮ್ಮದೇ. ನಮ್ಮ ಊರುಗಳ ಆ ಹಳೆಯ ಜಿದ್ದು ಈಗ ಒಂದೇ ತಂಡದ ಒಳಗೆ ಬಂದು ಕೂತಿದೆ. ಗಂಗಾವತಿಯ ವೇಗವನ್ನೂ ಕುಷ್ಟಗಿಯ ಹಿಡಿತವನ್ನೂ ಕೂಡಿಸಿ ಒಂದು ಆಟ ಮಾಡುವ ಹೊಣೆ ತರಬೇತುದಾರರದು.

ನಿನ್ನೆಯ ಜೊತೆಗಾರರಾದ ಬಳ್ಳಾರಿಯವರು ಈಗ ಎದುರು ಅಂಕಣದವರು. ಹೀಗೆ ಒಡೆದು ಬಂದ ಮನೆಗಳ ನಡುವೆ ಹುಟ್ಟುವ ಪೈಪೋಟಿ ಎಷ್ಟು ಎತ್ತರಕ್ಕೆ ಹೋಗಬಹುದು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಯಿದೆ. ಕೊಣಾಜೆಯಲ್ಲಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದದ್ದು 1980ರಲ್ಲಿ, ಗುಲಬರ್ಗಾ ವಿಶ್ವವಿದ್ಯಾಲಯ ಹುಟ್ಟಿದ ವರ್ಷವೇ, ಮಂಗಳೂರು ವಿಶ್ವವಿದ್ಯಾಲಯವಾಯಿತು. ಬಂದರು ನಗರದ ಆ ಹೊಸ ಸಂಸ್ಥೆಯ ಕಾಲೇಜುಗಳು, ಅದರಲ್ಲೂ ಮೂಡುಬಿದಿರೆಯ ಆಳ್ವಾಸ್, ಅಥ್ಲೆಟಿಕ್ಸ್‌ನಲ್ಲಿ ದೇಶದ ವಿಶ್ವವಿದ್ಯಾಲಯಗಳಿಗೆಲ್ಲ ಸವಾಲಾಗಿ ಬೆಳೆದವು. ತಾಯಿ ವಿಶ್ವವಿದ್ಯಾಲಯವನ್ನು ಎದುರಿಸಿ ಆಡುತ್ತಲೇ ಮಗಳು ತನ್ನ ಅಳತೆಯನ್ನು ಕಂಡುಕೊಂಡಳು. ಮೂಡುಬಿದಿರೆ ಒಂದು ದೊಡ್ಡ ನಗರವೇನಲ್ಲ. ಟ್ರ್ಯಾಕ್, ಹಾಸ್ಟೆಲು, ಊಟ, ವರ್ಷವಿಡೀ ತರಬೇತಿ ಕೊಟ್ಟರೆ ಸಣ್ಣ ಊರಿನಿಂದಲೂ ರಾಷ್ಟ್ರ ಚಾಂಪಿಯನ್‌ಗಳು ಬರುತ್ತಾರೆ ಎಂದು ಅದು ತೋರಿಸಿದೆ. ಅವರ ಜೋಳಿಗೆಯಲ್ಲಿ ನಮ್ಮ ಉತ್ತರ ಕರ್ನಾಟಕದ ಮಕ್ಕಳೂ ಇದ್ದಾರೆ ಎಂಬುದನ್ನು ಕೊಪ್ಪಳದವರು ಗಮನಿಸಬೇಕು. ಇಲ್ಲಿ ಊಟ ಹಾಸಿಗೆ ಸಿಗದ ಪ್ರತಿಭೆ ಕಡಲ ತಡಿಗೆ ಹೋಗಿ ಪದಕ ತರುತ್ತದೆ.

ಹೊಸ ವಿಶ್ವವಿದ್ಯಾಲಯದ ಬದುಕು ಸುಲಭವಾಗಿಲ್ಲ. ಕೈಯಲ್ಲಿ ಹಣ ಕಡಿಮೆ. 2025ರ ಫೆಬ್ರುವರಿಯಲ್ಲಿ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಪ್ರಸ್ತಾವ ಸಚಿವ ಸಂಪುಟದ ಉಪಸಮಿತಿಯಲ್ಲಿ ಬಂದಾಗ ಕೊಪ್ಪಳದ ಹೆಸರೂ ಅದರಲ್ಲಿತ್ತು. ಆ ಚರ್ಚೆಯಲ್ಲಿ ಖರ್ಚು, ಸಿಬ್ಬಂದಿ, ಜಮೀನಿನ ಮಾತು ಬಹಳ ಆಯಿತು. ಆಟಗಾರರ ಮಾತು ಎಲ್ಲೂ ಬರಲಿಲ್ಲ. ಒಂದು ವಿಶ್ವವಿದ್ಯಾಲಯ ಮುಚ್ಚಿದರೆ ಅದರ ಕಬಡ್ಡಿ, ಖೊಕ್ಕೊ, ವಾಲಿಬಾಲ್, ಅಥ್ಲೆಟಿಕ್ಸ್ ತಂಡಗಳೆಲ್ಲ ಒಂದೇ ಸಹಿಯಲ್ಲಿ ಅಳಿಸಿಹೋಗುತ್ತವೆ. ನಮ್ಮ ಮಕ್ಕಳು ಮತ್ತೆ ದೊಡ್ಡ ವ್ಯಾಪ್ತಿಯ ಸಾಲಿನಲ್ಲಿ ಹಿಂದೆ ನಿಲ್ಲಬೇಕಾಗುತ್ತದೆ, ನಾಲ್ಕನೆಯ ಸಲ ಅಂಗಿ ಬದಲಿಸಬೇಕಾಗುತ್ತದೆ. ಬೀದರ್‌ನಿಂದ ಕೊಪ್ಪಳದವರೆಗಿನ ಈ ಸೀಮೆಗೆ ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನ ಕೊಟ್ಟದ್ದೇ ಹಿಂದುಳಿದದ್ದನ್ನು ಸರಿಪಡಿಸಲು. ಓದು, ನೌಕರಿಯ ಜೊತೆಗೆ ಮೈದಾನವೂ ಆ ಹಕ್ಕಿನೊಳಗೆ ಬರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ದಾರಿಯ ಕಷ್ಟ ಮಾತ್ರ ಬಹುಮಟ್ಟಿಗೆ ನೀಗಿದೆ. ಗಂಗಾವತಿಗೆ 2019ರಲ್ಲಿ ರೈಲು ಬಂತು. ಗದಗ–ವಾಡಿ ಮಾರ್ಗದ ಮೊದಲ ಭಾಗವಾಗಿ ತಳಕಲ್‌ನಿಂದ ಕುಷ್ಟಗಿಯವರೆಗೆ 2025ರಲ್ಲಿ ರೈಲು ಓಡಿತು, ಯಲಬುರ್ಗಾವೂ ಈ ದಾರಿಯಲ್ಲಿದೆ. ಕಡೇಬಾಗಿಲು–ಬುಕ್ಕಸಾಗರ ಸೇತುವೆಯಿಂದ ಗಂಗಾವತಿಯವರು ಹೊಳೆ ದಾಟಿ ಹೊಸಪೇಟೆ ಕಡೆಗೆ ನೇರವಾಗಿ ಹೋಗಬಹುದು. ಅಮೆರಿಕದಲ್ಲಿ ಹಾರ್ವರ್ಡ್ ಮತ್ತು ಯೇಲ್ ನಡುವೆ 1852ರಲ್ಲಿ ನಡೆದ ಮೊದಲ ದೋಣಿ ಸ್ಪರ್ಧೆಗೆ ಹಣ ಹಾಕಿದ್ದು ಒಂದು ರೈಲು ಕಂಪನಿ, ತನ್ನ ಹೊಸ ಮಾರ್ಗಕ್ಕೆ ಜನ ಬರಲಿ ಎಂದು. ನಮ್ಮಲ್ಲಿ ರೈಲು ತಳಕಲ್‌ನ ಬಾಗಿಲಿಗೇ ಬಂದಿದೆ, ಪಂದ್ಯವೊಂದು ಏರ್ಪಡುವುದು ಬಾಕಿ.

ಅದಕ್ಕಾಗಿ ಕೊಪ್ಪಳ ಮತ್ತು ಬಳ್ಳಾರಿ ವಿಶ್ವವಿದ್ಯಾಲಯಗಳ ಮುಂದೆ ಈ ಸಂಚಿಕೆಯ ಮೂಲಕ ಒಂದು ಬೇಡಿಕೆ ಇಡುತ್ತಿದ್ದೇನೆ. ಅಂತರ ವಿಶ್ವವಿದ್ಯಾಲಯ ಪಂದ್ಯಗಳ ದಕ್ಷಿಣ ವಲಯದ ಡ್ರಾಗಾಗಿ ಕಾಯುವುದು ಬೇಡ. ಪ್ರತಿ ವರ್ಷ ಸುಗ್ಗಿ ಶುರುವಾಗುವ ಮೊದಲು ಹೊಳೆಯ ಎರಡು ದಂಡೆಯ ತಂಡಗಳು ಎದುರಾಗಲಿ. ಒಂದು ವರ್ಷ ಈ ಕಡೆ, ಇನ್ನೊಂದು ವರ್ಷ ಆ ಕಡೆ. ಈ ಕಡೆಯ ಸರದಿ ಬಂದಾಗ ಪಂದ್ಯ ಕೊಪ್ಪಳದಲ್ಲೇ ಆಗಬೇಕೆಂದಿಲ್ಲ, ಗಂಗಾವತಿ, ಕುಷ್ಟಗಿ, ಯಲಬುರ್ಗಾಕ್ಕೂ ತಿರುಗಲಿ. ಪುರುಷರ ಕಬಡ್ಡಿ, ಮಹಿಳೆಯರ ಕಬಡ್ಡಿ, ಇಬ್ಬರದೂ ಖೊಕ್ಕೊ, ಒಂದು ಗುಡ್ಡಗಾಡು ಓಟ: ಇಷ್ಟಕ್ಕೆ ದೊಡ್ಡ ಖರ್ಚಿಲ್ಲ. ವಿಜಾಪುರದ ಅಂಗಿ ತೊಡುವ ನಮ್ಮೂರ ಹುಡುಗಿಯರಿಗೂ ಅಲ್ಲಿ ಒಂದು ಪ್ರದರ್ಶನ ಪಂದ್ಯ ಇರಲಿ. ಹಳೆಯ ಆಟಗಾರರನ್ನು, ಧಾರವಾಡದ ಅಂಗಿಯವರಿಂದ ಬಳ್ಳಾರಿಯ ಅಂಗಿಯವರವರೆಗೆ, ಅವರವರ ಊರಿನಿಂದ ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಲಿ.

ಇದರ ಜೊತೆಗೆ ಒಂದು ಪುಸ್ತಕ ತೆರೆಯಬೇಕು. ದಪ್ಪ ರಟ್ಟಿನ ಸಾಧಾರಣ ರಿಜಿಸ್ಟರ್ ಸಾಕು. ಯಾವ ವರ್ಷ ಯಾವ ಕಾಲೇಜಿನಿಂದ ಯಾರು ಯಾವ ವಿಶ್ವವಿದ್ಯಾಲಯಕ್ಕೆ ಆಡಿದರು, ಯಾವ ಊರಲ್ಲಿ ಆಡಿದರು, ಯಾರಿಗೆ ಸೋತರು, ಎಷ್ಟು ಅಂಕಕ್ಕೆ ಎಂದು ಬರೆಯುತ್ತ ಹೋಗಬೇಕು. ಧಾರವಾಡದ ಕಾಲದ ಪ್ರಮಾಣಪತ್ರಗಳು ಎಷ್ಟೋ ಮನೆಗಳ ಟ್ರಂಕಿನಲ್ಲಿವೆ, ಗುಲಬರ್ಗಾ ಕಾಲದ ಗುಂಪು ಚಿತ್ರಗಳು ಕಾಲೇಜುಗಳ ಕ್ರೀಡಾ ಕೊಠಡಿಯ ಗೋಡೆಯ ಮೇಲೆ ಮಾಸುತ್ತಿವೆ. ಪ್ರತಿ ಕಾಲೇಜಿನ ಪಿ.ಡಿ. ಸರ್ ತಮ್ಮ ತಾಲ್ಲೂಕಿನ ಹಿರಿಯ ಆಟಗಾರರ ಮನೆಗೆ ಇಬ್ಬರು ವಿದ್ಯಾರ್ಥಿಗಳನ್ನು ಕಳುಹಿಸಿ, ಚಿತ್ರದಲ್ಲಿರುವ ಮುಖಗಳಿಗೆ ಹೆಸರು ಬರೆಸಿಕೊಂಡು ಬರಲಿ. ಈ ಕೆಲಸಕ್ಕೆ ಅನುದಾನ ಬೇಕಿಲ್ಲ, ಸುತ್ತೋಲೆಗೆ ಕಾಯಬೇಕಿಲ್ಲ. ಹೆಸರು ಹೇಳಬಲ್ಲವರಿಗೆ ಈಗ ಎಪ್ಪತ್ತು ದಾಟಿದೆ, ಹಾಗಾಗಿ ಈ ವರ್ಷದ ಆಯ್ಕೆ ಪಂದ್ಯಗಳು ಮುಗಿಯುವುದರೊಳಗೇ ಇದು ಶುರುವಾಗಬೇಕು.